ಷಡ್ಡಕ ನಮ್ಮ ಮನೆಯಲ್ಲಿದ್ದ ಮಣೂಕದ ಹಂಗಾಮು

ಮಾರ್ಚ್ ತಿಂಗಳಲ್ಲಿ ಕಾಗವಾಡ ರಸ್ತೆ ಹಿಡಿದು ಕಾರಿನ ಗಾಜು ಇಳಿಸಿಕೊಂಡು ಹೊರಟರೆ ಮೂಗಿಗೆ ಮೊದಲು ತಾಗುವುದು ಗಂಧಕದ ಹೊಗೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತೇವೆ; ಅದಕ್ಕೆ ಬಂಗಾರದ ಬಣ್ಣ ಕೂರಲಿ ಎಂದು ಶೆಡ್ಡುಗಳ ಪರದೆ ಇಳಿಬಿಟ್ಟು ಕೊಡುವ ಹೊಗೆ ಅದು. ಆ ವಾಸನೆಗೆ ಉಳಿದವರಿಗೆ ಕೆಮ್ಮು ಬರುತ್ತದೆ. ನನಗೆ ಹೊಟ್ಟೆಕಿಚ್ಚು ಬರುತ್ತದೆ. ಮೊನ್ನೆ ಯುಗಾದಿಯ ಹಿಂದಿನ ದಿನ ಅತ್ತೆಯನ್ನು ಅವರ ಹಳ್ಳಿಯಿಂದ ಕರೆತರಲು ಹೋಗುವಾಗಲೂ ಹಾಗೇ ಆಯಿತು. ಗಾಜು ಏರಿಸಿದೆ. ವಾಸನೆ ಒಳಗೇ ಉಳಿಯಿತು. ಅದರ ಜೊತೆಗೆ, ಮೂರು ವರ್ಷದ ಹಿಂದೆ ನನ್ನ ಷಡ್ಡಕ ಭರಮಣ್ಣ ನಮ್ಮ ಮನೆಯಲ್ಲಿದ್ದ ಆ ನಾಲ್ಕು ತಿಂಗಳೂ ಒಳಗೇ ಉಳಿದವು.

ನಾನು ಅಥಣಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಾಳಜಿ ಮಾಡುವುದು ನನ್ನ ಇನ್ನೊಂದು ಉದ್ಯೋಗ, ಅದಕ್ಕೆ ರಜೆ ಇಲ್ಲ. ಮನೆಗೆ ಕೀಲಿ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ವಾಪಸು ಬಂದು ನೋಡಿ, ಮತ್ತೆ ತಿರುವಿನವರೆಗೆ ಹೋಗಿ, ಕೀಲಿ ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಬರುವ ಮನುಷ್ಯ. ಇಂಥವನು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬಾರದು. ಆ ವರ್ಷ ದಸರೆಗೆ ಕೊಂಡೆ. ಅದು ಮಾಡುವ ಸದ್ದುಗಳನ್ನೆಲ್ಲ ಬರೆದಿಡಲು ಒಂದು ನೋಟುಬುಕ್ಕನ್ನೂ ಕೊಂಡೆ. ‘ಹಿಂದೆ, ಎಡಗಡೆ, ಕಟಕಟ, ಎರಡನೇ ಗೇರಿನಲ್ಲಿ ಮಾತ್ರ’ ಎಂಬಂಥ ವಿವರಗಳು ಅದರಲ್ಲಿವೆ. ಹೆಂಡತಿ ಶೋಭಾ ಅದನ್ನು ನನ್ನ ರೋಜನಿಶಿ ಎಂದುಕೊಂಡು ಕದ್ದು ಓದಿ, ನಿರಾಶಳಾಗಿ ಇಟ್ಟುಬಿಟ್ಟಿದ್ದಳು.

ಜನವರಿಯಲ್ಲಿ ಕಾರು ಸ್ಟಾರ್ಟ್ ಆಗುವುದನ್ನು ನಿಲ್ಲಿಸಿತು. ನಾಲ್ಕು ದಿನ ನಾನು ಅದರ ಸುತ್ತ ಪ್ರದಕ್ಷಿಣೆ ಹಾಕಿ, ಇಂಜಿನ್ನನ್ನೇ ಇಳಿಸಬೇಕಾದೀತು ಎಂದು ಮನೆಯಲ್ಲಿ ತಿಳಿಸಿದ್ದೆ. ಐದನೆಯ ದಿನ ಭರಮಣ್ಣ ಬಂದ.

ಭರಮಣ್ಣ ಎಂದರೆ ಶೋಭಾಳ ತಂಗಿ ರೇಖಾಳ ಗಂಡ, ನಿಪ್ಪಾಣಿ ಕಡೆಯ ಭೋಜದವನು. ಅತ್ತೆಗೆ ಸ್ವಂತ ತಮ್ಮನ ಮಗನೂ ಹೌದು. ಹಾಗಾಗಿ ಆ ಮನೆಯಲ್ಲಿ ಅವನು ‘ಭರಮು’, ನಾನು ‘ಮಾಸ್ತರ’. ಅವನಿಗೆ ಬೈಗುಳ ಸಿಗುತ್ತದೆ, ನನಗೆ ಮರ್ಯಾದೆ ಸಿಗುತ್ತದೆ. ಇಪ್ಪತ್ತು ವರ್ಷ ಮರ್ಯಾದೆ ತಿಂದವನಿಗೆ ಆ ಬೈಗುಳ ಎಷ್ಟು ರುಚಿಯಾಗಿ ಕಾಣುತ್ತದೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಆ ವರ್ಷ ಅವನು ಕಾಗವಾಡ ರಸ್ತೆಯ ಮೇಲೆ ಒಂದು ದ್ರಾಕ್ಷಿ ತೋಟವನ್ನು ಪಾಲಿಗೆ ಮಾಡಿದ್ದ. ಹಣ್ಣು ಕೊಯ್ದು ಒಣಗಿಸಿ ಮಣೂಕ ಮಾಡಿ ಮುಗಿಯುವವರೆಗೆ, ಅಂದರೆ ಏಪ್ರಿಲ್ ಕೊನೆಯವರೆಗೆ, ಇಲ್ಲೇ ಇರಬೇಕಿತ್ತು. ತೋಟದ ಶೆಡ್ಡಿನಲ್ಲೇ ಮಲಗುತ್ತೇನೆ ಎಂದ.

“ತಂಗೀ ಗಂಡ ಶೆಡ್ನಾಗ ಬಿದ್ಕೊಂಡ್ರ ಮಂದಿ ನಮಗ ಏನಂತಾರು? ಸುಮ್ನ ಇಲ್ಲೇ ಇರು,” ಎಂದು ಶೋಭಾ ಅವನ ಕೈಚೀಲವನ್ನು ಒಳಗಿಟ್ಟಳು. ಇನ್ನೊಂದು ಕೈಯಲ್ಲಿದ್ದ ತಗಡಿನ ಡಬ್ಬಿಯನ್ನು ಅವನೇ ಇಟ್ಟುಕೊಂಡ. ಅದರಲ್ಲಿ ನಟ್ಟು ಬಿಚ್ಚುವ ಪಾನಾ, ಪಕ್ಕಡ, ಸ್ಕ್ರೂಡ್ರೈವರುಗಳು ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಮಲಗಿದ್ದವು.

ಚಹಾ ಕುಡಿಯುತ್ತ ಕಾರಿನ ಕಥೆ ಕೇಳಿದ. ಕಪ್ಪು ಕೆಳಗಿಟ್ಟು ಹೊರಗೆ ಹೋಗಿ ಬಾನೆಟ್ ಎತ್ತಿದ. ಅಂಗಳದಲ್ಲಿದ್ದ ಒಂದು ಕಲ್ಲು ತೆಗೆದುಕೊಂಡು ಎರಡು ಸಲ ಏನನ್ನೋ ಕುಟ್ಟಿದ.

“ಅಣ್ಣಾರ, ಚಾವಿ ತಿರಗಸ್ರಿ.”

ಕಾರು ಎದ್ದಿತು. ನಾಲ್ಕು ದಿನದಲ್ಲಿ ಮೊದಲ ಸಲ, ಅದೂ ನಾಚಿಕೆಯಿಲ್ಲದೆ, ಒಂದೇ ಏಟಿಗೆ.

“ಏನಾಗಿತ್ತೋ?” ಎಂದೆ.

“ಏನೂ ಆಗಿರ್ಲಿಲ್ರಿ. ಬ್ಯಾಟ್ರಿ ವಾಯರ್ ಸಡ್ಲಾಗಿತ್ತು.”

ಅವನ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ‘ಏನೂ ಆಗಿರಲಿಲ್ಲ’ ಎನ್ನುವುದಕ್ಕಾಗಿ ನಾನು ನಾಲ್ಕು ದಿನದ ನಿದ್ದೆ ಬಿಟ್ಟಿದ್ದೆ. ಶೋಭಾ ಬಾಗಿಲಲ್ಲಿ ನಿಂತು, “ಕಲ್ಲಿಲೆ ಆಗೂ ಕೆಲಸಕ್ಕ ಇವ್ರು ಇಂಜಿನ್ ಇಳಸವ್ರಿದ್ರು ನೋಡೋ ಭರಮು,” ಎಂದು ನಕ್ಕಳು. ಅಲ್ಲಿಂದ ಶುರು.

ಮನೆಯಲ್ಲಿ ಇಷ್ಟೊಂದು ವಸ್ತುಗಳು ಕೆಟ್ಟಿದ್ದವೆಂದು ನನಗೆ ಗೊತ್ತಿರಲಿಲ್ಲ. ಅಲ್ಲ, ಗೊತ್ತಿತ್ತು, ಅವು ಕೆಟ್ಟ ರೀತಿಗೇ ನಾವು ಹೊಂದಿಕೊಂಡಿದ್ದೆವು. ಮಿಕ್ಸರಿನ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಹಿಡಿಯಬೇಕು, ಹಿತ್ತಲ ಬಾಗಿಲನ್ನು ಮೊಣಕಾಲಿನಿಂದ ಒದೆಯುತ್ತಲೇ ಚಿಲಕ ಎಳೆಯಬೇಕು, ಪಡಸಾಲೆಯ ಫ್ಯಾನಿನ ಕೆಳಗೆ ಯಾರೂ ಕೂರಬಾರದು. ಇವೆಲ್ಲ ನಮ್ಮ ಮನೆಯ ನೇಮಗಳಾಗಿದ್ದವು. ಭರಮಣ್ಣ ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಒಂದು, ಸಂಜೆ ಬಂದು ಒಂದು ಎಂಬಂತೆ ಎಲ್ಲವನ್ನೂ ಸರಿಮಾಡುತ್ತ ಬಂದ. ಫ್ಯಾನು ಅಲ್ಲಾಡುವುದು ನಿಂತ ಮೇಲೆ ಅದರ ಕೆಳಗೆ ಮೊದಲು ಹೋಗಿ ಕೂತವಳು ನನ್ನ ಮಗಳು ಪಲ್ಲವಿ, ಒಂಬತ್ತನೆಯ ತರಗತಿಯವಳು. ಒಂದು ದಿನ ಅವಳ ಟೇಬಲ್ ಲ್ಯಾಂಪಿಗೆ ಬಲ್ಬು ಹಾಕಲು ನಾನು ಕೈ ಚಾಚಿದೆ.

“ಪಪ್ಪಾ, ನೀವ್ ಮುಟ್ಟಬ್ಯಾಡ್ರಿ. ಕಾಕಾ ಬರ್ಲಿ.”

“ಬಲ್ಬ್ ಹಾಕಾಕ ನಿಮ್ ಕಾಕಾ ಯಾಕ ಬೇಕ ಬೇ?”

“ಹೋದ ಸಲ ನೀವ್ ಹಾಕಿದಾಗ ಇಡೀ ಓಣೀದ ಲೈಟ್ ಹೋಗಿತ್ತು.”

ಅದು ಕಾಕತಾಳೀಯ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಹೊಟ್ಟೆಕಿಚ್ಚಿಗೆ ಆಹಾರ ಹುಡುಕಿಕೊಳ್ಳುವುದರಲ್ಲಿ ನನಗೆ ಯಾವ ಪಾನಾವೂ ಬೇಕಿರಲಿಲ್ಲ. ಶೋಭಾ ಅವನ ರೊಟ್ಟಿಯ ಮೇಲೆ ಇಡುವ ಬೆಣ್ಣೆ ನನ್ನದಕ್ಕಿಂತ ದೊಡ್ಡದೋ ಎಂದು ನೋಡುತ್ತಿದ್ದೆ. ದೊಡ್ಡದಿರುತ್ತಿತ್ತು. ಬಿಸಿಲಲ್ಲಿ ದುಡಿದು ಬರುವವನು ಎಂಬುದು ಗೊತ್ತಿದ್ದೂ ನೋಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಅವನ ನಿದ್ದೆ ನನ್ನನ್ನು ಸುಡುತ್ತಿತ್ತು. ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಟವೆಲ್ ಹಾಸಿ ಅಡ್ಡಾದರೆ, ಕಿವಿಯ ಮೇಲಿಟ್ಟ ಕೈ ಕೆಳಗೆ ಬರುವಷ್ಟರಲ್ಲಿ ಗೊರಕೆ. ಅತ್ತ ಮೋಡ ಆದರೆ ಅವನ ಇಡೀ ವರ್ಷದ ಹಣ್ಣು ಹೋಗುತ್ತದೆ. ಅವನು ಮಲಗಿದ್ದಾನೆ, ಅವನ ಪರವಾಗಿ ನಾನು ಕಿಟಕಿಯಲ್ಲಿ ನಿಂತು ಆಕಾಶ ನೋಡುತ್ತಿದ್ದೇನೆ!

ಫೆಬ್ರವರಿಯಲ್ಲಿ ಒಂದು ಭಾನುವಾರ ಕಾರನ್ನು ಚಿಂಚಲಿಗೆ ಒಯ್ದೆವು. ಕಾರು ಕೊಂಡಾಗಲೇ ಮಾಯಕ್ಕನಿಗೆ ತೋರಿಸಿ ತರುತ್ತೇನೆಂದು ಶೋಭಾ ಹರಕೆ ಹೊತ್ತಿದ್ದಳು. ನಾನು ನಡೆಸಿದೆ, ಭರಮಣ್ಣ ಪಕ್ಕದಲ್ಲಿ ಕೂತ. ಕಬ್ಬಿನ ಹಂಗಾಮು. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು.

“ಅಣ್ಣಾರ, ಮುಂದ ಹೊಡ್ಕೊರಿ, ರಸ್ತೆ ಖಾಲಿ ಐತಿ.”

“ಎದುರಿಂದ ಯಾರರ ಬಂದ್ರ?”

“ಬಂದ್ರ ಬ್ರೇಕ್ ಹಾಕ್ತಾರ್ರಿ. ಅವ್ರಿಗೂ ಮನಿ ಮಕ್ಕಳು ಅದಾರ.”

ಕುಡಚಿ ದಾಟುವವರೆಗೂ ನಾನು ಆ ಟ್ರ್ಯಾಕ್ಟರಿನ ಹಿಂದೆಯೇ ಇದ್ದೆ. ಹಿಂದಿನ ಸೀಟಿನಲ್ಲಿ ಪಲ್ಲವಿ ಕಬ್ಬಿನ ಜಲ್ಲೆ ಎಣಿಸಿ ಮುಗಿಸಿದಳು.

ಗುಡಿಯ ಮುಂದೆ ಭರಮಣ್ಣನಿಗೆ ಗುರುತಿನವರು ಹೆಜ್ಜೆಗೊಬ್ಬರು. ಅಲ್ಲಿಯ ಜಾತ್ರೆಗೆ ದನ ಮಾರಲು, ಕೊಳ್ಳಲು ಚಿಕ್ಕಂದಿನಿಂದ ಬಂದವನು. “ಯಾರದೋ ಗಾಡಿ? ನಿಂದನು?” ಎಂದು ಪೂಜಾರಿಯೂ ಅವನನ್ನೇ ಕೇಳಿದ. ಇವನು ನನ್ನ ಕಡೆ ಕೈ ಮಾಡುವಷ್ಟರಲ್ಲಿ ತೆಂಗಿನಕಾಯಿ ಅವನ ಕೈಗೆ ಬಂದಾಗಿತ್ತು. ನನ್ನ ಕಾರಿಗೆ ಅವನು ಕಾಯಿ ಒಡೆದ. ಉಳಿದದ್ದು ಭಂಡಾರ. ಆ ತಾಯಿಗೆ ಅರಿಷಿಣದ ಪುಡಿಯೇ ಪ್ರೀತಿ. ಗಾಡಿಯ ಮೇಲೆ ಒಂದು ಚಿಟಿಕೆ ಹಾರಿಸಿ ಕೈಮುಗಿದರೆ ಸಾಕು. ಆದರೆ ಕಾಯಿ ಕಳೆದುಕೊಂಡ ನನಗೆ ಚಿಟಿಕೆ ಸಾಲಲಿಲ್ಲ. ಮುಷ್ಟಿ ತುಂಬ ತೆಗೆದುಕೊಂಡು ಬಾನೆಟ್ಟಿನ ಮೇಲೆ ಎರಚಿದೆ, ಗಾಜಿನ ಮೇಲೆ ಎರಚಿದೆ, ಗಾಜಿನ ಬುಡದಲ್ಲಿ ಜಾಲರಿಯಂಥ ಸೀಳುಗಳಿದ್ದವಲ್ಲ, ಅಲ್ಲೂ ಸುರಿದೆ. ಪೂಜಾರಿ ಮೆಚ್ಚಿದ. “ಭಕ್ತಿ ಅಂದ್ರ ಮಾಸ್ತರದು,” ಎಂದ. ಭರಮಣ್ಣ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಆ ಸೀಳುಗಳಿಂದಲೇ ಏಸಿಯ ಗಾಳಿ ಒಳಗೆ ಹೋಗುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ವಾಪಸು ಬರುವಾಗ ತಂಪಿತ್ತು, ಗಾಜು ಇಳಿಸಿಕೊಂಡೇ ಬಂದೆವು.

ಮರುದಿನ ನಮ್ಮ ಶಾಲೆಗೆ ತಪಾಸಣೆಗೆಂದು ಚಿಕ್ಕೋಡಿಯಿಂದ ಒಬ್ಬ ಅಧಿಕಾರಿ ಬಸ್ಸಿಗೆ ಬಂದಿಳಿದರು. ಕಾರಿದ್ದ ಮಾಸ್ತರ ನಾನೊಬ್ಬನೇ, ಕರೆತರುವ ಗೌರವ ನನ್ನದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕರ್ಚೀಫು. “ಬಿಸಿಲು ಏರೇತ್ರಿ, ಏಸಿ ಐತೇನು?” ಎಂದರು. ಐತ್ರಿ ಸರ್ ಎಂದು ಹೆಮ್ಮೆಯಿಂದ ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದೆ.

ಕಾರಿನಲ್ಲಿ ಕೇಳಿದ ಸದ್ದನ್ನೆಲ್ಲ ಬರೆದಿಟ್ಟವನು ನಾನು, ಆದರೆ ಅಧಿಕಾರಿಯೊಬ್ಬರು ಭಂಡಾರದ ಮೋಡದೊಳಗಿಂದ ಸೀನುವ ಸದ್ದನ್ನು ಹೇಗೆ ಬರೆಯಬೇಕೋ ತಿಳಿಯಲಿಲ್ಲ. ಶಾಲೆಯ ಅಂಗಳದಲ್ಲಿ ಅವರು ಇಳಿದಾಗ ಅರಿಷಿಣ ಹಚ್ಚಿದ ಮದುಮಗನಂತಿದ್ದರು. ಸ್ವಾಗತಕ್ಕೆ ನಿಂತ ಹುಡುಗಿಯರು ಆರತಿ ತಟ್ಟೆ ಹಿಡಿದೇ ನಿಂತಿದ್ದರು. ದೃಶ್ಯಕ್ಕೆ ಕಡಿಮೆಯಾದದ್ದು ಬಾಸಿಂಗ ಮಾತ್ರ.

ಸಂಜೆ ಭರಮಣ್ಣ ಕಾರನ್ನು ತೋಟಕ್ಕೆ ಒಯ್ದು, ದ್ರಾಕ್ಷಿಗೆ ಔಷಧ ಹೊಡೆಯುವ ಯಂತ್ರದ ಗಾಳಿಯಿಂದಲೇ ಒಳಗಿನದನ್ನೆಲ್ಲ ಊದಿ ತೆಗೆದ. ಮನೆಗೆ ಬಂದು, “ಅಣ್ಣಾರ, ತಾಯಿ ಖುದ್ದ ನಿಮ್ ಕಾರಿನಾಗ ಬಂದ್ ಕುಂತಿದ್ಳರಿ. ಭಾಳ ತ್ರಾಸಿಲೆ ಇಳಿಸೀನಿ,” ಎಂದ. ಶೋಭಾ ನಕ್ಕಳು. ನೆಲದ ಮೇಲೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಮತ್ತೆ ನನ್ನ ಮುಖ ನೋಡಿ ಮತ್ತೆ ನಕ್ಕಳು. ಹಾಗೆ ಅವಳು ನಕ್ಕದ್ದನ್ನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನಾನು ಲೆಕ್ಕದ ಮಾಸ್ತರ, ಲೆಕ್ಕ ಹಾಕಿದೆ: ನಗಿಸಿದ ಘಟನೆ ನನ್ನದು, ನಗು ಬಂದದ್ದು ಅವನ ಮಾತಿಗೆ.

ಇದಾದ ಮೇಲೆ ಸಿಂಕಿನ ಸರದಿ. ಅಡುಗೆಮನೆಯ ಸಿಂಕಿನ ಕೆಳಗೆ ನಲ್ಲಿಗೆ ನೀರು ತರುವ ಪೈಪು ಸೋರುತ್ತಿತ್ತು, ಎರಡು ವರ್ಷದಿಂದ. ಕೆಳಗೆ ಒಂದು ಬಕೆಟ್ ಇಟ್ಟಿದ್ದೆ. ಬೆಳಿಗ್ಗೆ, ಶಾಲೆಯಿಂದ ಬಂದ ಮೇಲೆ, ಮಲಗುವ ಮೊದಲು, ಮೂರು ಹೊತ್ತು ಅದನ್ನು ತೆಗೆದು ಕರಿಬೇವಿನ ಗಿಡಕ್ಕೆ ಹಾಕುವುದು ನನ್ನ ಕೆಲಸ. ಮನೆಯಲ್ಲಿ ನಾನಿಲ್ಲದಿದ್ದರೆ ಆಗದ ಕೆಲಸ ಅದೊಂದೇ ಇತ್ತು. ಭರಮಣ್ಣ ಹೊಸ ಪೈಪು ತಂದು, ನಟ್ಟಿನೊಳಗೆ ರಬ್ಬರಿನ ವಾಷರ್ ಕೂರಿಸಿ, ಹತ್ತು ನಿಮಿಷದಲ್ಲಿ ಬಿಗಿದು ಎದ್ದ.

“ಎರಡ ವರ್ಷದ ಬಕೆಟ್ಟಿಗೆ ಇವತ್ತ ಬಿಡುಗಡಿ ಆತು,” ಎಂದು ಶೋಭಾ ಅದನ್ನು ತೊಳೆದು ಬಚ್ಚಲಿಗೆ ಸಾಗಿಸಿದಳು. ನನ್ನ ನೌಕರಿಯನ್ನೇ ತೊಳೆದು ಸಾಗಿಸಿದಂತೆ ಆಯಿತು.

ಏಪ್ರಿಲ್ ಬಂತು. ಹಣ್ಣು ಶೆಡ್ಡಿನಲ್ಲಿ ಒಣಗಿ ಮಣೂಕವಾಗುತ್ತಿತ್ತು, ಭರಮಣ್ಣ ಇನ್ನು ಹದಿನೈದು ದಿನಕ್ಕೆ ಹೋಗುವವನಿದ್ದ. ಸುಮ್ಮನೆ ಕಾದಿದ್ದರೆ ಆಗುತ್ತಿತ್ತು. ಆದರೆ ಒಂದು ಬೆಳಿಗ್ಗೆ ಶೋಭಾ ರೊಟ್ಟಿ ಬಡಿಯುತ್ತ, “ಭರಮು ಹೋದ ಮ್ಯಾಲ ಈ ಮನಿ ಹೆಂಗ ನಡೀತೈತೋ ಏನೋ,” ಎಂದಳು. ನಾನು ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಈ ಮನೆ ಹದಿನೇಳು ವರ್ಷ ನಡೆದದ್ದು ಹೇಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಆ ವಾರ ಅತ್ತೆಯೂ ರೇಖಾಳೂ ಶ್ಯಾವಿಗಿ ಮಾಡಲು ಬಂದಿದ್ದರು. ನಮ್ಮ ಓಣಿಯಲ್ಲಿ ಇದು ಮುಯ್ಯಿಯ ಕೆಲಸ: ಇವತ್ತು ಇವರ ಮನೆಯದು, ನಾಳೆ ಅವರ ಮನೆಯದು, ಎಲ್ಲರ ಕೈಯೂ ಎಲ್ಲರ ಮನೆಯಲ್ಲಿ. ನಮ್ಮ ಪಾಳಿಯ ಮೂರು ದಿನ ಮುಗಿದಿತ್ತು. ಕೂದಲೆಳೆಯಂಥ ಶ್ಯಾವಿಗಿ ಮಾಳಿಗೆಯ ಮೇಲೆ ಒಣಗಬೇಕು. ಆದರೆ ಮೋಡ ಕವಿದು ಗಾಳಿ ಎದ್ದದ್ದರಿಂದ, ಎಲ್ಲವನ್ನೂ ಕೆಳಗಿಳಿಸಿ ಅಡುಗೆಮನೆಯಲ್ಲೂ ಪಡಸಾಲೆಯಲ್ಲೂ ಹಳೆಯ ಸೀರೆ ಹಾಸಿ ಹರವಿದ್ದರು. ಎರಡು ಮನೆಗೆ ಒಂದು ವರ್ಷಕ್ಕಾಗುವಷ್ಟು. ನಡೆದಾಡಲು ಗೋಡೆಯ ಬದಿಗೆ ಒಂದು ಗೇಣು ದಾರಿ. ಅವತ್ತು ಮಧ್ಯಾಹ್ನ ಹೆಂಗಸರೆಲ್ಲ, ಪಲ್ಲವಿಯೂ ಸೇರಿ, ಎದುರು ಮನೆಯ ಮುಯ್ಯಿಗೆ ಹೋದರು. ಭರಮಣ್ಣ ತೋಟದಲ್ಲಿದ್ದ. ಮನೆಯಲ್ಲಿ ನಾನೊಬ್ಬನೇ, ಮೂಲೆಯಲ್ಲಿ ಅವನ ತಗಡಿನ ಡಬ್ಬಿ.

ನನಗೆ ಬೇಕಾಗಿದ್ದದ್ದು ನಾಲ್ಕು ಹನಿ. ನಾಲ್ಕೇ ನಾಲ್ಕು. ಶೋಭಾ ನೋಡಬೇಕು, ‘ಅಯ್ಯ, ಭರಮು ಮಾಡಿದ್ದೂ ಸೋರಾಕತ್ತೇತಿ’ ಅನ್ನಬೇಕು, ನಾನು ಏನೂ ಮಾತಾಡದೆ ಬಚ್ಚಲಿಗೆ ಹೋಗಿ ಬಕೆಟ್ ತಂದಿಡಬೇಕು. ಅಷ್ಟೇ. ಶ್ಯಾವಿಗಿ ತುಳಿಯದಂತೆ ಗೋಡೆ ಹಿಡಿದು ಹೋಗಿ ಸಿಂಕಿನ ಕೆಳಗೆ ತೂರಿದೆ. ಪಾನಾ ಎರಡು ಸಲ ಜಾರಿ ನಟ್ಟಿನ ಮೇಲೆ ಗೀರು ಬಿತ್ತು. ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಎರಡೂ ಕಡೆ ಪ್ರಯತ್ನಿಸಿದೆ. ಕೊನೆಗೆ ಸಡಿಲಾಯಿತು. ಅರ್ಧ ಸುತ್ತು ಸಾಕಿತ್ತೇನೋ. ಹನಿ ಬರಲಿಲ್ಲವೆಂದು ಎರಡು ಸುತ್ತು ತಿರುಗಿಸಿದೆ. ಆಗಲೂ ಬರಲಿಲ್ಲ. ಮಾಳಿಗೆಯ ಮೇಲಿನ ನೀರಿನ ಟಾಕಿ ಅವತ್ತು ಖಾಲಿಯಿತ್ತು, ಎಂಟು ದಿನಕ್ಕೊಮ್ಮೆ ಬರುವ ನೀರು ಅವತ್ತೇ ಬರುವುದಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಗ್ಯಾಸು, ಕೀಲಿ, ಹ್ಯಾಂಡ್‌ಬ್ರೇಕು ಎಂದು ದಿನಕ್ಕೆ ಹತ್ತು ಸಲ ನೆನಪಿಸಿಕೊಳ್ಳುವವನು ಕಾಳಜಿ ಮಾಡಲೇಬೇಕಾದ ಆ ಒಂದು ದಿನ ಕಾಳಜಿ ಮಾಡಲಿಲ್ಲ. ಇದೂ ಕೈಲಾಗಲಿಲ್ಲ ಎಂದು ಬೇಸರಪಟ್ಟು, ಪಾನಾ ಡಬ್ಬಿಗೆ ಹಾಕಿ, ಫಲಿತಾಂಶದ ಪಟ್ಟಿ ಬರೆಯಲು ಶಾಲೆಗೆ ಹೋದೆ.

ಐದೂವರೆಗೆ ಬಂದಾಗ ನಮ್ಮ ಹೊಸ್ತಿಲಿನಿಂದ ನೀರು ಅಂಗಳಕ್ಕೆ ಇಳಿಯುತ್ತಿತ್ತು. ನಲ್ಲಿ ನೀರು ಬಂದು, ಎದುರು ಮನೆಯಿಂದ ಶೋಭಾ ಒಂದು ಗಳಿಗೆ ಬಂದು ಮೋಟರ್ ಹಾಕಿ ಹೋಗಿ, ಟಾಕಿ ತುಂಬಿ, ನೀರಿನ ಒತ್ತಡಕ್ಕೆ ನಟ್ಟು ಪೂರ್ತಿ ಕಳಚಿಕೊಂಡಿತ್ತು. ಪಡಸಾಲೆಯಲ್ಲಿ ಶ್ಯಾವಿಗಿ ತೇಲುತ್ತಿತ್ತು. ತೇಲುತ್ತಿತ್ತು ಎನ್ನುವುದೂ ತಪ್ಪು, ಕರಗಿ ಗಂಜಿಯಾಗಿತ್ತು. ಅತ್ತೆ ಕಟ್ಟೆಯ ಮೇಲೆ ಕಾಲು ಮೇಲಿಟ್ಟು ಕೂತಿದ್ದರು.

“ಮೂರ ದಿನ ರಟ್ಟಿ ಮುರ್ಕೊಂಡ ಮಾಡಿದ್ದರಿ ಮಾಸ್ತರ... ಪಾಯಸಾ ಆಗಿ ಕುಂತೇತಿ ನೋಡ್ರಿ.”

ಶೋಭಾ ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಆ ಮೆತ್ತನೆಯ ಮುದ್ದೆಯನ್ನು ಹಿಡಿದುಕೊಂಡು, ಎಲ್ಲಿ ಹಾಕಬೇಕೋ ತಿಳಿಯದೆ ನಿಂತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನ ಹಿಂದೆಯೇ ಭರಮಣ್ಣನ ಬೈಕು ಬಂತು. ಅವನು ಒಂದೇ ಮಾತು ಕೇಳಿದ: “ಮ್ಯಾಲಿನ ವಾಲ್ವ್ ಬಂದ್ ಮಾಡೇರೇನು?” ಯಾರಿಗೂ ಅದು ಹೊಳೆದಿರಲಿಲ್ಲ. ಓಡಿ ಮಾಳಿಗೆ ಹತ್ತಿ ಬಂದ್ ಮಾಡಿ ಬಂದು, ನೀರಿನಲ್ಲೇ ಅಡ್ಡಾಗಿ ಸಿಂಕಿನ ಕೆಳಗೆ ತಲೆ ಹಾಕಿದ. ನಾನು ಅವನ ಹಿಂದೆ ಬಾಗಿ ನಿಂತಿದ್ದೆ. ಅವನು ನಟ್ಟನ್ನು ಬೆಳಕಿಗೆ ಹಿಡಿದು ಹೊಸ ಗೀರುಗಳನ್ನು ನೋಡಿದ. ಅದರೊಳಗಿಂದ ವಾಷರನ್ನು ಅಂಗೈಗೆ ಹಾಕಿಕೊಂಡ. ಕಪ್ಪಗೆ, ದುಂಡಗೆ, ಒಂದು ಸೀಳೂ ಇಲ್ಲದೆ ಕೂತಿತ್ತು ಅದು. ಆಮೇಲೆ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಲಿಲ್ಲ.

ತಪ್ಪಾಯಿತು ಎನ್ನಲು ನಾನು ನಾಲಿಗೆ ಎತ್ತಿದ್ದೆ. ನಿಜವಾಗಿ ಎತ್ತಿದ್ದೆ. ಅಷ್ಟರಲ್ಲಿ ಅವನ ಮುಷ್ಟಿ ಮುಚ್ಚಿತು.

“ತಪ್ಪ ನಂದ ಐತಿ ಶೋಭಕ್ಕಾ,” ಎಂದ. “ವಾಷರ್ ಹಾಕೂದ ಮರತಬಿಟ್ಟೀನಿ.”

“ಎಲ್ಲಿ ಇಟ್ಟಿದ್ರಿ ಲಕ್ಷ್ಯ? ಅಕ್ಕನ ಮನಿ ಹೊಳಿ ಮಾಡಿದ್ರಲ್ಲ!” ಎಂದು ರೇಖಾ ಎಲ್ಲರೆದುರು ಅವನ ಮೇಲೆ ಹರಿಹಾಯ್ದಳು. ಅವನು ತಲೆ ಕೆರೆದುಕೊಂಡು ನಕ್ಕ. “ಬಕೆಟ್ ಕೊಡ್ರಿ ಅಣ್ಣಾರ ಇಲ್ಲೆ,” ಎಂದು ನೀರು ತೋಡಲು ಕೂತ.

ಆ ಮುಷ್ಟಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನನ್ನಂಥವನ ಬಗ್ಗೆ ಇನ್ನೇನು ಹೇಳುವುದು? ಪಾನಾ ಹಿಡಿಯುವುದರಲ್ಲಿ ಅವನು ಮುಂದೆ, ಇರಲಿ. ಮನಸ್ಸು ದೊಡ್ಡದು ಮಾಡುವುದರಲ್ಲೂ ನನಗೊಂದು ಅವಕಾಶ ಬಿಡಬಾರದೇ? ನಾನು ಹೇಳಿದ್ದರೆ ಒಂದು ದಿನದ ಬೈಗುಳಕ್ಕೆ ಮುಗಿಯುತ್ತಿದ್ದದ್ದು, ಅವನು ಹೇಳಿದ್ದರಿಂದ ಮುಗಿಯದೆ ಉಳಿಯಿತು. ಅವನು ಹೊರಡುವವರೆಗೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಶೋಭಾ ಅವನಿಗೆ ಏನೂ ಅನ್ನಲಿಲ್ಲ, ಆದರೆ ಮಿಕ್ಸರು ಮತ್ತೆ ಕೆಟ್ಟಾಗ, “ಏನ್ರಿ, ಇದನ್ನ ಸ್ವಲ್ಪ ನೋಡ್ರಿ,” ಎಂದು ನನ್ನ ಕಡೆ ತಂದಳು. ನಾಲ್ಕು ತಿಂಗಳಿಂದ ನಾನು ಕಾದಿದ್ದ ಮಾತು. ಮಿಕ್ಸರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಾಸು ಕೂತೆ. ಯಾವ ಸ್ಕ್ರೂ ಮೊದಲು ಬಿಚ್ಚಬೇಕೆಂದೂ ತಿಳಿಯಲಿಲ್ಲ.

ಭರಮಣ್ಣ ಮಣೂಕ ತುಂಬಿಸಿ ಕಳಿಸಿ ಹೊರಟು ಹೋದ. ಅವನ ಜೊತೆಗೆ ಆ ವಾಷರೂ ಹೋಯಿತು. ಮದುವೆ, ಸೀಮಂತ, ದೀಪಾವಳಿ, ಎಲ್ಲೇ ಅವನು ಏನಾದರೂ ಕೆಲಸಕ್ಕೆ ಕೈ ಹಾಕಿದರೆ ಯಾರಾದರೊಬ್ಬರು, “ಭರಮು, ವಾಷರ್ ಹಾಕಿದೇನೋ?” ಎನ್ನುವುದು. ಪೆಂಡಾಲಿನ ಹಗ್ಗ ಕಟ್ಟಿದರೂ ಅದೇ, ಎಲೆಯ ಮುಂದೆ ಲೋಟ ಇಟ್ಟರೂ ಅದೇ. ಅವನು ಪ್ರತಿ ಸಲ ನಗುತ್ತಿದ್ದ. ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಮೂರು ವರ್ಷ ಹೀಗೆ ನಡೆಯಿತು.

ಮೊನ್ನೆ ಯುಗಾದಿಗೆ ಎಲ್ಲರೂ ನಮ್ಮ ಮನೆಯಲ್ಲೇ ಸೇರಿದ್ದೆವು. ಹೋಳಿಗೆ ಊಟ ನಡೆದಿತ್ತು. ಅತ್ತೆಯ ತೋಟದ ಬೋರಿಗೆ ಹೊಸ ಮೋಟರ್ ಇಳಿಸುವ ಮಾತು ಬಂತು. ಭರಮಣ್ಣ, “ನಾ ಬಂದ ಇಳಿಸಿ ಕೊಡ್ತೀನಿ ಬಿಡ ಅತ್ತಿ,” ಎಂದ. ಅತ್ತೆ ಹೋಳಿಗೆ ಮುರಿಯುತ್ತ, ತಮಾಷೆಯಿಲ್ಲದೆ ಹೇಳಿದರು:

“ಬ್ಯಾಡಪಾ. ಮಿಸ್ತ್ರಿಗೆ ಹೇಳೀನಿ. ನೀ ಏನರ ಮರತಿ ಅಂದ್ರ ಮೋಟರ್ ತಳಾ ಸೇರತೈತಿ. ನಿನ್ ಕೈ ಮ್ಯಾಲ ಈಗ ಭರೋಸಾ ಇಲ್ಲ.”

ಯಾರೋ ವಾಷರಿನ ಮಾತು ತೆಗೆದು ನಕ್ಕರು. ಭರಮಣ್ಣ ಈ ಸಲ ನಗಲಿಲ್ಲ. ಎಲೆಯ ಮೇಲಿನ ತುಪ್ಪವನ್ನು ಬೆರಳಿನಿಂದ ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದ. ರೇಖಾ ಬಡಿಸುವುದನ್ನು ಬಿಟ್ಟು ಒಳಗೆ ಹೋದಳು.

“ಅತ್ತಿ,” ಎಂದೆ. “ಆ ನಟ್ ಬಿಚ್ಚಿದಾಂವ ನಾನು. ಭರಮಣ್ಣ ವಾಷರ್ ಹಾಕಿದ್ದ. ನಾನ ಬಿಚ್ಚಿದ್ದೆ.”

ಒಂದು ಕ್ಷಣ ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಆ ವಾಷರಿಗೂ ಬಾರದಷ್ಟು ದೊಡ್ಡ ನಗು ಬಂತು.

“ನೋಡ್ರೆ, ಷಡ್ಡಕನ ಮ್ಯಾಲ ಎಷ್ಟ ಜೀವಾ!” ಎಂದರು ಅತ್ತೆ, ಕಣ್ಣು ತುಂಬಿ. “ತಪ್ಪ ತಮ್ಮ ಮ್ಯಾಲ ತಗೊಳ್ಳಾಕ ನಿಂತಾರ. ದೇವರಂಥಾ ಮನಷ್ಯಾ.”

“ಇವ್ರು ನಟ್ ಬಿಚ್ಚಿದ್ರಂತ,” ಎಂದಳು ಶೋಭಾ. “ಇವ್ರಿಗಿ ಗ್ಯಾಸ್ ಸಿಲಿಂಡರ್ ಹಚ್ಚಾಕ ಬರೂದಿಲ್ಲ.”

ಮೂರು ವರ್ಷ ಮುಚ್ಚಿಟ್ಟದ್ದನ್ನು ಕೊನೆಗೂ ಹೇಳಿದರೆ ನನಗೆ ಸಿಕ್ಕಿದ್ದು ಇನ್ನಷ್ಟು ಮರ್ಯಾದೆ! ರೇಗಿಹೋಯಿತು. ಭರಮಣ್ಣನ ಡಬ್ಬಿ ಅವನ ಬೈಕಿನಲ್ಲೇ ಇತ್ತು. ಪಾನಾ ತಂದು ಸೀದಾ ಅಡುಗೆಮನೆಗೆ ನಡೆದೆ, ಬಿಚ್ಚಿ ತೋರಿಸುತ್ತೇನೆ ಎಂದು. ಹಬ್ಬದ ಧೋತರವನ್ನು ಮೇಲೆ ಕಟ್ಟಿಕೊಂಡು ಸಿಂಕಿನ ಕೆಳಗೆ ತೂರಿದೆ. ಎಲ್ಲರೂ ಉಂಡ ಕೈಯಲ್ಲೇ ಎದ್ದು ಬಾಗಿಲಿಗೆ ಬಂದು ನಿಂತರು. ಪಾನಾ ಹಾಕಿ ತಿರುಗಿಸಿದೆ. ನಟ್ಟು ಕದಲಲಿಲ್ಲ. ಎರಡೂ ಕೈ ಹಾಕಿದೆ, ಕಾಲು ಗೋಡೆಗೆ ಒತ್ತಿದೆ. ಬೆವರು ಕಣ್ಣಿಗಿಳಿಯಿತು. ಇನ್ನಷ್ಟು ಬಿಗಿಯಾಯಿತೇ ಹೊರತು ಸಡಿಲಾಗಲಿಲ್ಲ.

“ಸಾಕ್ ಬರ್ರಿ ಮಾಸ್ತರ, ನಂಬಿದ್ವಿ,” ಎಂದು ಅತ್ತೆ ನಗುತ್ತಿದ್ದರು.

ಭರಮಣ್ಣ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಯಾರಾದರೂ ಕೆಲಸ ತಪ್ಪು ಮಾಡುವುದನ್ನು ಅವನು ನೋಡಲಾರ, ಅದು ಅವನ ಹುಟ್ಟುಗುಣ.

“ಉಲ್ಟಾ ತಿರಗಸಾಕತ್ತೀರಿ ಅಣ್ಣಾರ,” ಎಂದ. “ಅವತ್ತ ಬರೋಬ್ಬರಿ ತಿರಗಿಸಿದ್ರಲ್ಲ.”

ಅಂದವನೇ ತುಟಿ ಕಚ್ಚಿಕೊಂಡ. ಬಾಗಿಲಲ್ಲಿ ನಗು ನಿಂತಿತು. ಸಿಂಕಿನ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಶೋಭಾಳ ಪಾದಗಳು ಮಾತ್ರ. ಅವು ಒಂದು ಹೆಜ್ಜೆ ಮುಂದೆ ಬಂದವು.

“ಅವತ್ತ ಅಂದ್ರ?” ಎಂದಳು.

“ಏನಿಲ್ಲ ಶೋಭಕ್ಕಾ, ನಾ ಅನ್ನೂದು ಏನಂದ್ರ...” ಎಂದು ಭರಮಣ್ಣ ಶುರು ಮಾಡಿದ. ಅವನು ಇನ್ನೊಂದು ಸುಳ್ಳು ಹುಡುಕುತ್ತಿದ್ದ, ಅದೂ ನನಗಾಗಿ, ಸಿಗುವುದರಲ್ಲಿತ್ತು.

ತಲೆಯನ್ನು ಸಿಂಕಿಗೆ ಬಡಿಸಿಕೊಂಡು ಹೊರಗೆ ಬಂದೆ. ಈ ಸಲ ಅವನಿಗಿಂತ ಮೊದಲು ನಾನು ಮಾತಾಡಿದೆ.